ಅಲ್ಪಶಕ್ತಿಯ ನಿಸ್ತಂತು ಯಂತ್ರಗಳ ಆಯ್ಕೆ



ಹವ್ಯಾಸಕ್ಕಾಗಿ ವಿದ್ಯುದ್ಯಂತ್ರಗಳನ್ನು ಕಟ್ಟುವವರು ನಮ್ಮ ನಾಡಿನಲ್ಲಿ ಈಗ ಅನೇಕರಿದ್ದಾರೆ. ಶಾಲೆಯ ಹುಡುಗರಿಂದ ಮೊದಲ್ಗೊಂಡು ವಿಶ್ರಾಂತಿವೇತನ ಪಡೆಯುತ್ತಿರುವ ಎಂಜಿನಿಯರುಗಳವರೆಗೆ ಎಲ್ಲರೂ ಇದರಲ್ಲಿ ತೊಡಗಿರುವುದುಂಟು. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಎದುರಾಗುತ್ತದೆ: ಒಂದೆಡೆ ಅಳೆದ ಅಂಕಿಯನ್ನು ತಂತಿಯಿಲ್ಲದೆ ಇನ್ನೊಂದೆಡೆಗೆ ಮುಟ್ಟಿಸುವುದು ಹೇಗೆ? ಅದಕ್ಕಾಗಿ ಅಂಗಡಿಯಲ್ಲಿ ದೊರೆಯುವ ಹಲವು ಬಗೆಯ ಯಂತ್ರಗಳಲ್ಲಿ ಯಾವುದನ್ನು ಕೊಳ್ಳತಕ್ಕದ್ದು? ಅಂಗಡಿಯವರು ಇವನ್ನು ರೇಡಿಯೋ ಮಾಡ್ಯೂಲ್ ಎಂದು ಕರೆಯುತ್ತಾರೆ. ಅಂಚೆಚೀಟಿಯಷ್ಟು ಅಗಲದ ಒಂದು ಹಲಗೆ. ಅದರಲ್ಲಿಯೇ ಸುದ್ದಿಯನ್ನು ಕಳುಹಿಸುವ ಪ್ರೇಷಕವೂ ಬರಮಾಡಿಕೊಳ್ಳುವ ಗ್ರಾಹಕವೂ ಅಡಕವಾಗಿರುತ್ತವೆ. ಈ ಆಯ್ಕೆಯ ವಿಚಾರವೇ ಇಂದಿನ ನಮ್ಮ ಭಾಷಣದ ವಿಷಯ.

ಅಲ್ಪಶಕ್ತಿಯ ಪ್ರೇಷಕವೆಂದರೆ ಆಟದ ಸಾಮಾನೆಂದು ತಾತ್ಸಾರ ಮಾಡಬೇಕಾಗಿಲ್ಲ. ೧೮೯೫ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ಗೋಡೆಗಳಾಚೆಗೆ ಅಲೆಯನ್ನು ಕಳುಹಿಸಿ ಗಂಟೆ ಬಾರಿಸಿ ತೋರಿಸಿದ್ದು ಕೈಯಿಂದ ಮಾಡಿದ ಸಣ್ಣ ಉಪಕರಣದಿಂದಲೇ. ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಆಕಾಶವಾಣಿಯನ್ನು ಆರಂಭಿಸಿದುದೂ ತಮ್ಮ ಸ್ವಂತ ಮನೆಯಲ್ಲಿ, ಅಲ್ಪಶಕ್ತಿಯ ಪ್ರೇಷಕದಿಂದ. ಆದುದರಿಂದ ಶಕ್ತಿ ಎಷ್ಟು ಎಂಬುದಕ್ಕಿಂತ ಆ ಶಕ್ತಿ ಕೆಲಸಕ್ಕೂ ಸ್ಥಳಕ್ಕೂ ತಕ್ಕುದಾಗಿದೆಯೇ ಎಂಬುದನ್ನು ನಾವು ಮೊದಲು ನೋಡಬೇಕು.

ಸ್ಥಳವನ್ನು ಬಿಟ್ಟು ಬರಿಯ ಯಂತ್ರವನ್ನು ಕುರಿತು ಮಾತನಾಡಿದರೆ ವಿಷಯ ತಿಳಿಯಾಗುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರ ಕಳಸಗಳ ಕಡೆಗೆ, ಬಾಳೂರು ಎಂಬ ಊರುಂಟು. ಸುತ್ತಲೂ ಕಾಫಿಯ ತೋಟಗಳು. ಕಾಫಿಗಿಡದ ಮೇಲೆ ಹಾಲುವಾಣ, ಅದರ ಮೇಲೆ ಸಿಲ್ವರ್ ಮರ, ಕಾಡುಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನೆಲವಾದರೋ ಎಲ್ಲಿಯೂ ಸಮನಾಗಿಲ್ಲ; ಗುಡ್ಡ ಇಳಿದರೆ ಹಳ್ಳ, ಹಳ್ಳ ದಾಟಿದರೆ ಗುಡ್ಡ. ಅಲ್ಲಿಯ ಒಂದು ತೋಟವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಬಂಗಲೆ ಕೆಳಗೆ, ತೋಟದ ಮೇಲುಭಾಗ ಅಲ್ಲಿಂದ ಒಂದು ಕಿಲೋಮೀಟರು ದೂರದ ಗುಡ್ಡದ ಮೇಲೆ. ಆ ಗುಡ್ಡದ ಮಳೆಯ ಲೆಕ್ಕ ಬಂಗಲೆಗೆ ತಾನಾಗಿ ಬರಬೇಕೆಂಬುದು ಮನೆಯ ಹವ್ಯಾಸಿಯ ಬಯಕೆ.

ಮಳೆಯ ಲೆಕ್ಕ ಆ ಸೀಮೆಯಲ್ಲಿ ಕಾಲಕ್ಷೇಪದ ಮಾತಲ್ಲ. ಬೇಸಿಗೆಯಲ್ಲಿ ಸುಮಾರು ಒಂದು ಅಂಗುಲದಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಕಾಫಿ ಅರಳುತ್ತದೆ. ಅರಳಿದ ಹೂವು ಕಾಯಿಕಟ್ಟುವುದಕ್ಕೆ ಮತ್ತೆ ಕೆಲವು ವಾರಗಳೊಳಗಾಗಿ ಇನ್ನೊಂದು ಮಳೆ ಬೇಕು. ಸಾಲದಷ್ಟು ಬಿದ್ದು ನಿಂತರೆ ಮೊಗ್ಗು ಕೆಡುತ್ತದೆ. ಕೆರೆಯಲ್ಲಿ ನೀರುಳ್ಳವನು ಪಂಪು ಹೂಡಿ ಸ್ಪ್ರಿಂಕ್ಲರಿನಿಂದ ಕೊರತೆಯನ್ನು ತುಂಬಬಹುದು. ಆದರೆ ಎಷ್ಟು ಕೊರತೆ ಎಂಬುದು ತಿಳಿದರಷ್ಟೆ. ಬೇಸಿಗೆಯ ಮಳೆ ಬಂಗಲೆಯ ಮೇಲೆ ಸುರಿದು ಗುಡ್ಡದ ತೋಟವನ್ನು ಬಿಟ್ಟುಹೋಗುವುದು ಅಲ್ಲಿ ಹೊಸದಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮಪಂಚಾಯತಿಗೊಂದರಂತೆ ತಾವೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದ್ದಾರೆ. ಅದು ದೊಡ್ಡ ಉಪಕಾರ. ಆದರೆ ಒಂದೇ ತೋಟದ ಎರಡು ಮೂಲೆಗಳ ನಡುವಣ ವ್ಯತ್ಯಾಸವನ್ನು ಅದು ಹೇಳಲಾರದು.

ಮಳೆಗಾಲದಲ್ಲಿ ವಿಷಯ ಇನ್ನೂ ಗುರುತರವಾದುದು. ೨೦೧೯ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ, ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಹಾಳಾದುವು. ಮೇಲೆ ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆ ಬಿತ್ತೆಂಬುದನ್ನು ಕೆಳಗಿನವನು ತಿಳಿಯುವುದು ಒಳ್ಳೆಯದೆಂದು ಆ ಮೇಲೆ ಯಾರಿಗೂ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಯಂತ್ರವನ್ನು ಆರಿಸುವ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಗಳಾವುವು? ನಮ್ಮ ಅಭಿಪ್ರಾಯದಲ್ಲಿ ಅವು ನಾಲ್ಕು. ಹೇಳಬೇಕಾದ ಮಾತು ಎಷ್ಟು? ಅದು ದಾಟಬೇಕಾದ ದಾರಿ ಎಂಥದು? ಅದಕ್ಕೆ ಉಣಿಸಬಲ್ಲ ವಿದ್ಯುತ್ತು ಎಷ್ಟು? ಕಾಯಿದೆಯ ಅನುಮತಿ ಉಂಟೇ? ಅಂಗಡಿಯ ಚೀಟಿಯಲ್ಲಿ ದಪ್ಪಕ್ಷರದಿಂದ ಅಚ್ಚಾಗಿರುವ ‘ಇಷ್ಟು ಕಿಲೋಮೀಟರು’ ಎಂಬ ಮಾತು ಈ ನಾಲ್ಕರಲ್ಲಿ ಯಾವುದಕ್ಕೂ ಉತ್ತರವಲ್ಲ. ಬಯಲಿನಲ್ಲಿ, ಎತ್ತರದ ಕಂಬದಿಂದ ಕಂಬಕ್ಕೆ ಅಳೆದ ದೂರ ಅದು. ಮಲೆನಾಡಿನ ಹಳ್ಳದೊಳಗೆ ಅದು ಸಲ್ಲದು.

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಮಳೆಮಾಪಕದೊಳಗೆ ತಕ್ಕಡಿಯಂತೆ ಅತ್ತಿತ್ತ ವಾಲುವ ಒಂದು ಜೋಡಿಬಟ್ಟಲಿರುತ್ತದೆ. ಗೊತ್ತಾದ ಅಳತೆಯ ನೀರು ತುಂಬಿದೊಡನೆ ಅದು ಒಮ್ಮೆ ವಾಲುತ್ತದೆ. ತೋಟಗಾರರು ಮಳೆಯನ್ನು ಅಂಗುಲ ಸೆಂಟುಗಳಲ್ಲಿ ಎಣಿಸುವುದು ವಾಡಿಕೆ. ಅಂಗುಲದ ನೂರರಲ್ಲೊಂದು ಪಾಲು ಒಂದು ಸೆಂಟು. ಒಮ್ಮೆ ವಾಲಿದರೆ ಒಂದು ಸೆಂಟು ಎಂಬಂತೆ ಮಾಪಕವನ್ನು ಮಾಡಬಹುದು. ಹಾಗಿದ್ದ ಮೇಲೆ ಕಾಲು ಗಂಟೆಗೊಮ್ಮೆ ಹೇಳಬೇಕಾದುದು ವಾಲಿದ ಸಂಖ್ಯೆ, ಸೆಲ್ಲಿನ ಸ್ಥಿತಿ, ಸುದ್ದಿಯ ಕ್ರಮಸಂಖ್ಯೆ, ಇಷ್ಟೆ. ಎಲ್ಲವೂ ೨೦ ಅಕ್ಷರಗಳಲ್ಲಿ ಮುಗಿಯುತ್ತದೆ. ದಿನಕ್ಕೆ ೯೬ ಸುದ್ದಿ. ಇಷ್ಟು ಕಡಿಮೆ ಮಾತಿಗೆ, ಚಲಚ್ಚಿತ್ರವನ್ನು ಸಾಗಿಸಬಲ್ಲ ವೇಗದ ಯಂತ್ರವನ್ನು ಕೊಳ್ಳುವುದು ಒಂದು ಕಾಗದ ಕಳುಹಿಸುವುದಕ್ಕೆ ಲಾರಿ ಹೂಡಿದಂತೆ.

ಇಲ್ಲಿಯೇ ಒಂದು ಸಣ್ಣ ಯುಕ್ತಿಯನ್ನು ಹೇಳಿಬಿಡುತ್ತೇವೆ. ಪ್ರತಿ ಸಲವೂ ಆ ಕಾಲು ಗಂಟೆಯ ಮಳೆಯನ್ನಷ್ಟೇ ಹೇಳಬಾರದು. ಮೊದಲಿನಿಂದ ಕೂಡಿಬಂದ ಒಟ್ಟು ಸಂಖ್ಯೆಯನ್ನು ಹೇಳಬೇಕು. ಆಗ ನಡುವೆ ನಾಲ್ಕು ಸುದ್ದಿ ಕಳೆದುಹೋದರೂ ಐದನೆಯದು ಬಂದಾಗ ಒಂದು ಸೆಂಟು ಮಳೆಯೂ ಲೆಕ್ಕ ತಪ್ಪುವುದಿಲ್ಲ.

ಎರಡನೆಯದು ದಾರಿಯ ಪ್ರಶ್ನೆ. ಇದನ್ನು ತೋಟದ ರೈಟರು ಬರೆಯುವ ಜಮಾಖರ್ಚಿನಂತೆ ಭಾವಿಸಬಹುದು. ಪ್ರೇಷಕದ ಬಲವೂ ಗ್ರಾಹಕದ ಕಿವಿಯ ಸೂಕ್ಷ್ಮತೆಯೂ ಸೇರಿ ಜಮಾ. ದೂರ, ಎಲೆ, ಗುಡ್ಡಗಳು ಖರ್ಚು. ಇದನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ೧೦ ಡೆಸಿಬೆಲ್ ಖರ್ಚಾಯಿತೆಂದರೆ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದು ಅರ್ಥ. ೨೦ ಎಂದರೆ ನೂರರಲ್ಲೊಂದು, ೩೦ ಎಂದರೆ ಸಾವಿರದಲ್ಲೊಂದು.

ಬರಿಯ ಬಯಲಿನಲ್ಲಿ ಒಂದು ಕಿಲೋಮೀಟರು ಸಾಗುವುದಕ್ಕೆ ೨೪೦೦ ಮೆಗಾಹರ್ಟ್ಸಿನ ಅಲೆಗೆ ಸುಮಾರು ೧೦೦ ಡೆಸಿಬೆಲ್ ಖರ್ಚಾಗುತ್ತದೆ. ೮೬೬ ಮೆಗಾಹರ್ಟ್ಸಿನ ಅಲೆಗೆ ಸುಮಾರು ೯೧. ಅದರ ಮೇಲೆ ಎಲೆಯ ಖರ್ಚು. ಎಂಜಿನಿಯರುಗಳು ಬಳಸುವ ವೈಸ್‌ಬರ್ಗರ್ ಸೂತ್ರದಂತೆ ಲೆಕ್ಕ ಹಾಕಿದರೆ, ೧೦೦ ಮೀಟರು ದಟ್ಟವಾದ ಎಲೆಗಳನ್ನು ಹಾಯುವಾಗ ಮೊದಲನೆಯದಕ್ಕೆ ಸುಮಾರು ೨೫, ಎರಡನೆಯದಕ್ಕೆ ಸುಮಾರು ೧೯ ಡೆಸಿಬೆಲ್ ಮತ್ತೆ ಕಳೆಯುತ್ತದೆ. ಅಲೆ ಉದ್ದವಾದಷ್ಟೂ ಎಲೆಯ ಕಾಟ ಕಡಿಮೆ ಎಂಬುದು ಇದರ ತಾತ್ಪರ್ಯ. ಮಳೆ ಬಂದಾಗ ಸುದ್ದಿ ನಿಂತುಹೋದರೆ ಜನರು ಮಳೆಯನ್ನು ದೂರುತ್ತಾರೆ. ಈ ಅಲೆಗಳಿಗೆ ಬೀಳುವ ಮಳೆಹನಿ ಅಡ್ಡಿಯೇ ಅಲ್ಲ. ನೆನೆದ ಎಲೆಯೂ ಏರಿಯಲಿನ ಸಂದಿಗೆ ಇಳಿದ ನೀರೂ ಅಡ್ಡಿ. ಫಾಲ್ಗುಣದಲ್ಲಿ ಪರೀಕ್ಷೆ ಮಾಡಿ ಸರಿಯೆನಿಸಿದ್ದು ಆಷಾಢದಲ್ಲಿ ಮೂಕವಾಗುವುದು ಬಹುಮಟ್ಟಿಗೆ ಈ ಕಾರಣದಿಂದ.

ಈಗ ಯಂತ್ರಗಳನ್ನು ಒಂದೊಂದಾಗಿ ಈ ಲೆಕ್ಕಕ್ಕೆ ಹಚ್ಚಿ ನೋಡೋಣ.

ನಾರ್ವೆ ದೇಶದ ನಾರ್ಡಿಕ್ ಸಂಸ್ಥೆಯ ಎನ್‌ಆರ್‌ಎಫ್ ೨೪ ಎಂಬುದು ಬಹಳ ಅಗ್ಗ, ಬಹಳ ಮಿತವ್ಯಯಿ. ೨೪೦೦ ಮೆಗಾಹರ್ಟ್ಸಿನಲ್ಲಿ ಒಂದು ಮಿಲಿವ್ಯಾಟಿನಿಂದ ಮಾತನಾಡುತ್ತದೆ. ಅದರ ಅತಿ ನಿಧಾನದ ಕ್ರಮದಲ್ಲಿಯೂ ಜಮಾ ಸುಮಾರು ೯೪ ಡೆಸಿಬೆಲ್ ಮಾತ್ರ. ಒಂದು ಕಿಲೋಮೀಟರು ಬಯಲಿಗೇ ೧೦೦ ಬೇಕೆಂದು ಹೇಳಿದೆವಷ್ಟೆ. ಗುಡ್ಡದ ಕೆಲಸಕ್ಕೆ ಇದು ಆಗದು. ಆದರೆ ಕಾಫಿ ಒಣಗಿಸುವ ಕಣದ ಮಗ್ಗುಲಿನ ಗೋದಾಮಿನ ತೇವವನ್ನು ಮೂವತ್ತು ನಲವತ್ತು ಮೀಟರಿನಾಚೆಯ ಆಫೀಸಿಗೆ ತಿಳಿಸುವುದಕ್ಕೆ ಇದಕ್ಕಿಂತ ಯೋಗ್ಯವಾದುದು ಕಡಿಮೆ.

ಷಾಂಘೈಯ ಎಸ್ಪ್ರೆಸಿಫ್ ಸಂಸ್ಥೆಯ ಇಎಸ್‌ಪಿ ಜಾತಿಯ ಹಲಗೆಗಳು ವೈಫೈ ಮೂಲಕ ಮಾತನಾಡುತ್ತವೆ. ಮನೆಯಲ್ಲಿ ರೌಟರು ಇದ್ದರೆ ಬೇರೆ ಗ್ರಾಹಕವೇ ಬೇಡ. ಆರಂಭಿಸುವವರಿಗೆ ಬಲು ಸುಲಭ. ಇದರ ದೋಷವೆಂದರೆ ಹಸಿವು. ಎಚ್ಚೆತ್ತು ರೌಟರನ್ನು ಹುಡುಕಿ ಸೇರುವುದಕ್ಕೆ ಕೆಲವು ಸೆಕೆಂಡು ಬೇಕು; ಅಷ್ಟು ಹೊತ್ತೂ ಹತ್ತಾರು ಮಿಲಿಆಂಪಿಯರುಗಳನ್ನು ಸೆಳೆಯುತ್ತದೆ. ಗೋಡೆಯ ವಿದ್ಯುತ್ತು ಇರುವ ಪಂಪಿನ ಮನೆಗೆ ಸರಿ, ರೌಟರಿನ ಅಲೆ ಅಲ್ಲಿಗೆ ಮುಟ್ಟುವುದಾದರೆ.

ಅಂಗಡಿಗಳಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ದೊರೆಯುವುದು ೪೩೩ ಮೆಗಾಹರ್ಟ್ಸಿನ ಸರಳ ಜೋಡಿ: ಅಲೆಯನ್ನು ಹಚ್ಚುವುದು, ಆರಿಸುವುದು, ಇಷ್ಟೇ ಅದರ ಭಾಷೆ. ಬಾಗಿಲ ಗಂಟೆಗೆ ಸಾಕು. ಬಂದ ಸುದ್ದಿ ನಿಜವೋ ಗದ್ದಲವೋ ಎಂಬ ವಿವೇಕ ಅದಕ್ಕಿಲ್ಲ. ಅದನ್ನೆಲ್ಲ ಕಟ್ಟುವವನೇ ಒದಗಿಸಬೇಕು.

ಮೊಬೈಲಿನ ಸಿಮ್ ಹಾಕುವ ಹಲಗೆಗಳೂ ಉಂಟು. ಗೋಪುರದ ಅಲೆ ಚೆನ್ನಾಗಿರುವ ಊರಿನಲ್ಲಿ ಅವು ದೂರವನ್ನೇ ಇಲ್ಲವಾಗಿಸುತ್ತವೆ. ಆದರೆ ಹಳೆಯ ಜಿಎಸ್‌ಎಂ ಜಾತಿಯ ಹಲಗೆ ಮಾತನಾಡುವ ಕ್ಷಣದಲ್ಲಿ ೨ ಆಂಪಿಯರಿನವರೆಗೂ ಸೆಳೆಯಬಲ್ಲುದು. ಹಳ್ಳದ ತೋಟದಲ್ಲಿ ಗೋಪುರದ ಅಲೆ ಸಿಕ್ಕುವುದೂ ಅನುಮಾನ. ಜಡಿಮಳೆಯಲ್ಲಿ ವಿದ್ಯುತ್ತು ಹೋದರೆ ಗೋಪುರವೂ ಮಲಗುವುದುಂಟು; ಸುದ್ದಿ ಬೇಕಾದದ್ದು ಆ ಹೊತ್ತಿನಲ್ಲಿಯೇ.

ಕೊನೆಯದು ಲೋರಾ ಎಂಬುದು. ಫ್ರಾನ್ಸಿನ ಗ್ರೆನೋಬಲ್ ಪಟ್ಟಣದ ಸಿಕ್ಲಿಯೋ ಎಂಬ ಸಣ್ಣ ಸಂಸ್ಥೆಯಲ್ಲಿ ಹುಟ್ಟಿದ ಈ ವಿಧಾನವನ್ನು ೨೦೧೨ರಲ್ಲಿ ಅಮೆರಿಕದ ಸೆಮ್‌ಟೆಕ್ ಸಂಸ್ಥೆ ಕೊಂಡಿತು. ಇದರಲ್ಲಿ ಅಲೆ ಒಂದೇ ಸ್ವರದಲ್ಲಿ ನಿಲ್ಲುವುದಿಲ್ಲ. ವೀಣೆಯ ತಂತಿಯ ಮೇಲೆ ವೈಣಿಕನು ಜಾರು ಎಳೆಯುವಂತೆ ಕೆಳಗಿನಿಂದ ಮೇಲಕ್ಕೆ ಜಾರುತ್ತಾ ಹೋಗುತ್ತದೆ. ಜಾರು ಎಲ್ಲಿಂದ ಹೊರಟಿತೆಂಬುದರಲ್ಲಿ ಅಕ್ಷರ ಅಡಗಿರುತ್ತದೆ. ಗದ್ದಲದ ಸಭೆಯಲ್ಲಿಯೂ ಪರಿಚಿತ ರಾಗದ ಎಳೆಯನ್ನು ಕಿವಿ ಹಿಡಿಯುವಂತೆ, ಗದ್ದಲಕ್ಕಿಂತ ಕ್ಷೀಣವಾದ ಜಾರನ್ನೂ ಗ್ರಾಹಕ ಗುರುತಿಸಬಲ್ಲುದು. ೨೫ ಮಿಲಿವ್ಯಾಟಿನಿಂದ ಮಾತನಾಡಿದರೂ ವೇಗದ ಕ್ರಮದಲ್ಲಿ ಇದರ ಜಮಾ ಸುಮಾರು ೧೩೭ ಡೆಸಿಬೆಲ್, ಅತಿ ನಿಧಾನದ ಕ್ರಮದಲ್ಲಿ ಸುಮಾರು ೧೫೦. ನಮ್ಮ ಗುಡ್ಡದ ಖರ್ಚು ೯೧ ಮತ್ತು ೧೯, ಒಟ್ಟು ೧೧೦. ಮಿಕ್ಕ ೨೭ ಡೆಸಿಬೆಲ್ ನೆನೆದ ಎಲೆಗೂ ದಾರಿಯ ದಿಣ್ಣೆಗೂ ಮೀಸಲು.

ನಿಧಾನವಾಗಿ ಮಾತನಾಡಿದಷ್ಟೂ ದೂರ ಕೇಳಿಸುತ್ತದೆಂದ ಮೇಲೆ ಯಾವಾಗಲೂ ಅತಿ ನಿಧಾನವನ್ನೇ ಏಕೆ ಆರಿಸಬಾರದು ಎಂದು ಕೇಳಬಹುದು. ಆ ೨೦ ಅಕ್ಷರಗಳ ಸುದ್ದಿಗೆ ವೇಗದ ಕ್ರಮದಲ್ಲಿ ಹಿಡಿಯುವ ಕಾಲ ೫೭ ಮಿಲಿಸೆಕೆಂಡು. ಅತಿ ನಿಧಾನದಲ್ಲಿ ಒಂದೂಕಾಲು ಸೆಕೆಂಡಿಗೂ ಮೇಲು, ಅಂದರೆ ಇಪ್ಪತ್ತಕ್ಕೂ ಹೆಚ್ಚು ಪಟ್ಟು. ಅಷ್ಟು ಪಟ್ಟು ವಿದ್ಯುತ್ತೂ ಖರ್ಚು, ನೆರೆಯವರ ಯಂತ್ರಗಳಿಗೆ ಅಷ್ಟು ಹೊತ್ತು ಅಡ್ಡಿಯೂ ಹೌದು. ಕೆಲಸ ನಡೆಯುವಷ್ಟು ವೇಗವಾಗಿ ಹೇಳಿ ಸುಮ್ಮನಾಗುವುದೇ ಉಚಿತ.

ಮೂರನೆಯ ಪ್ರಶ್ನೆ ವಿದ್ಯುತ್ತಿನದು. ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ ಸುಮಾರು ೨೦೦೦ ಮಿಲಿಆಂಪಿಯರ್-ಗಂಟೆಯ ದಾಸ್ತಾನು ಇದೆಯೆಂದು ಇಟ್ಟುಕೊಳ್ಳೋಣ. ೩೦ ಮಿಲಿಆಂಪಿಯರಿನಷ್ಟು ಸೆಳೆದು ವೇಗದ ಕ್ರಮದಲ್ಲಿ ದಿನಕ್ಕೆ ೯೬ ಸಲ ಮಾತನಾಡಿದರೆ ದಿನದ ಖರ್ಚು ಅರ್ಧ ಮಿಲಿಆಂಪಿಯರ್-ಗಂಟೆಯ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಮಾತಿನ ಖರ್ಚು ಇಷ್ಟು ಸಣ್ಣದು. ನಿಜವಾದ ಖರ್ಚು ಇರುವುದು ಸುಮ್ಮನಿರುವ ಹೊತ್ತಿನಲ್ಲಿ. ಅನೇಕ ಹಲಗೆಗಳ ಮೇಲೆ ಸದಾ ಉರಿಯುವ ಒಂದು ಪುಟ್ಟ ಕೆಂಪು ದೀಪವೂ ವಿದ್ಯುತ್ತಿನ ಒತ್ತಡವನ್ನು ಇಳಿಸುವ ಒಂದು ಬಿಡಿಭಾಗವೂ ಇರುತ್ತವೆ. ಇವೆರಡೂ ಸೇರಿ ೫ ಮಿಲಿಆಂಪಿಯರ್ ಸೆಳೆದರೆ ದಿನಕ್ಕೆ ೧೨೦ ಆಯಿತು. ಹದಿನಾರು ಹದಿನೇಳು ದಿನಗಳಲ್ಲಿ ಸೆಲ್ಲು ಬರಿದು. ಅವನ್ನು ಕಿತ್ತುಹಾಕಿ, ಹಲಗೆಯನ್ನು ೧೦ ಮೈಕ್ರೋಆಂಪಿಯರಿನ ಗಾಢನಿದ್ರೆಗೆ ತಂದರೆ ದಿನದ ಖರ್ಚು ಕಾಲು ಮಿಲಿಆಂಪಿಯರ್-ಗಂಟೆ. ಸೆಲ್ಲು ವರ್ಷಗಟ್ಟಲೆ ಬಾಳುತ್ತದೆ. ಆದುದರಿಂದ ಕೊಳ್ಳುವಾಗ ಮಾತಿನ ಶಕ್ತಿಯನ್ನು ಕೇಳುವ ಮೊದಲು ನಿದ್ರೆಯ ಖರ್ಚನ್ನು ಕೇಳಿರಿ. ಮಲೆನಾಡಿನಲ್ಲಿ ಸೂರ್ಯಫಲಕವನ್ನು ನೆಚ್ಚಬಹುದಲ್ಲವೇ ಎಂದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಮರದ ನೆರಳಿನಲ್ಲಿ ಅದರಿಂದ ಬರುವುದು ಅತ್ಯಲ್ಪ.

ಬಂಗಲೆಯ ಗ್ರಾಹಕದ ಮಾತು ಬೇರೆ. ಸುದ್ದಿ ಯಾವಾಗ ಬರುವುದೋ ಎಂದು ಅದು ಸದಾ ಕಿವಿದೆರೆದು ಕೂತಿರಬೇಕು. ೧೧ ಮಿಲಿಆಂಪಿಯರಿನಂತೆ ಇಡೀ ದಿನ ಆಲಿಸಿದರೆ ಅದೇ ಎರಡು ಸೆಲ್ಲುಗಳು ಎಂಟು ದಿನವೂ ಬಾರವು. ಅದಕ್ಕೆ ಗೋಡೆಯ ವಿದ್ಯುತ್ತು ಬೇಕು. ಅದು ಹೋದಾಗ ಒದಗುವಂತೆ ಮನೆಯ ಇನ್ವರ್ಟರಿಗೆ ಅದನ್ನು ಜೋಡಿಸಬೇಕು.

ನಾಲ್ಕನೆಯದು ಕಾಯಿದೆ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ರೇಡಿಯೋ ಕೇಳುವ ಪೆಟ್ಟಿಗೆಯನ್ನಿಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕಾಗಿತ್ತು. ಈಗ ಕೆಲವು ಪಟ್ಟಿಗಳಲ್ಲಿ ಅಲ್ಪಶಕ್ತಿಯ ಪ್ರೇಷಕಗಳಿಗೆ ವಿನಾಯಿತಿ ಉಂಟು. ೮೬೫ರಿಂದ ೮೬೭ ಮೆಗಾಹರ್ಟ್ಸಿನ ಪಟ್ಟಿಗೆ ೨೦೦೫ರಲ್ಲಿ ವಿನಾಯಿತಿ ದೊರೆಯಿತು; ಪ್ರೇಷಕದ ಶಕ್ತಿ ೧ ವ್ಯಾಟನ್ನೂ ಅಲೆಯ ಹರವು ೨೦೦ ಕಿಲೋಹರ್ಟ್ಸನ್ನೂ ಮೀರಕೂಡದೆಂದು ಆಗ ಕಟ್ಟು ಮಾಡಿದರು. ೨೦೨೧ರಲ್ಲಿ ಪಟ್ಟಿಯನ್ನು ೮೬೮ರವರೆಗೆ ವಿಸ್ತರಿಸಿದರು. ೪೩೩ರ ಬಳಿಯ ವಿನಾಯಿತಿ ಬಹು ಸಣ್ಣ ಶಕ್ತಿಗೆ ಮಾತ್ರ. ಅಮೆರಿಕದವರಿಗಾಗಿ ಮಾಡಿದ ೯೧೫ರ ಹಲಗೆಗಳೂ ನಮ್ಮ ಅಂಗಡಿಗಳಿಗೆ ಬರುತ್ತವೆ. ಆ ಸ್ಥಳ ಇಲ್ಲಿ ಮೊಬೈಲು ದೂರವಾಣಿಗಳ ಅಲೆಗೆ ಅಂಟಿಕೊಂಡಿದೆ. ಅಗ್ಗವೆಂದು ಅದನ್ನು ಕೊಂಡು ಹಚ್ಚಿದರೆ ನೆರೆಯವರ ಮಾತಿಗೆ ನಾವು ಅಡ್ಡಿಯಾದೇವು. ಹಲಗೆಯ ಮೇಲಿನ ಅಂಕಿಯನ್ನು ಓದಿ ಕೊಳ್ಳುವುದು, ಜಾರಿಯಲ್ಲಿರುವ ನಿಯಮವನ್ನು ಕೊಳ್ಳುವ ಮೊದಲೇ ನೋಡುವುದು, ಇವೆರಡೂ ಹವ್ಯಾಸಿಯ ಕರ್ತವ್ಯ.

ನಾಲ್ಕು ಪ್ರಶ್ನೆಗಳಿಗೂ ಉತ್ತರ ಕೂಡಿಸಿದರೆ ಬಾಳೂರಿನ ಗುಡ್ಡಕ್ಕೆ ೮೬೬ರ ಸುತ್ತಿನ ಲೋರಾ, ಕಣದ ಗೋದಾಮಿಗೆ ಎನ್‌ಆರ್‌ಎಫ್, ಪಂಪಿನ ಮನೆಗೆ ವೈಫೈ ಎಂದು ತೀರ್ಮಾನವಾಗುತ್ತದೆ. ಒಂದೇ ತೋಟದಲ್ಲಿ ಮೂರು ಬಗೆ ಇದ್ದರೆ ಅವ್ಯವಸ್ಥೆಯೆಂದು ತಿಳಿಯಬೇಡಿರಿ. ಕತ್ತಿ, ಗುದ್ದಲಿ, ಏಣಿ ಮೂರೂ ತೋಟದಲ್ಲಿ ಇರುತ್ತವಷ್ಟೆ.

ಕೊಂಡ ಮೇಲೆ ಗಮನಿಸತಕ್ಕ ಒಂದೆರಡು ಸಂಗತಿಗಳಿವೆ. ಏರಿಯಲಿಲ್ಲದೆ ಪ್ರೇಷಕವನ್ನು ಎಂದಿಗೂ ನಡೆಸಬಾರದು. ಹೊರಡಲು ದಾರಿಯಿಲ್ಲದ ಶಕ್ತಿ ಹಿಂದಿರುಗಿ ಹಲಗೆಯನ್ನೇ ಕೆಡಿಸಬಹುದು. ೮೬೬ಕ್ಕೆ ಕಾಲು ಅಲೆಯ ಏರಿಯಲು ೮.೭ ಸೆಂಟಿಮೀಟರು, ೪೩೩ಕ್ಕೆ ೧೭.೩, ಒಂದರದನ್ನು ಇನ್ನೊಂದಕ್ಕೆ ಹಚ್ಚಿದರೆ ಶಕ್ತಿ ನಷ್ಟ. ಎರಡು ಕಡೆಯ ಏರಿಯಲುಗಳೂ ನೆಟ್ಟಗೆ ನಿಂತಿರಲಿ. ಎತ್ತರಕ್ಕೆ ಏರಿಸಿದಷ್ಟೂ ಲಾಭ: ಒಂದು ಕಿಲೋಮೀಟರಿನ ದಾರಿಯ ನಡುಭಾಗದಲ್ಲಿ ನೇರದೃಷ್ಟಿಯ ಸುತ್ತ ಒಂಬತ್ತು ಮೀಟರಿನಷ್ಟು ತೆರಪು ಇದ್ದರೆ ಅಲೆ ನಿರಾತಂಕವಾಗಿ ಸಾಗುತ್ತದೆ. ಅಷ್ಟು ದೊರೆಯದಿದ್ದರೂ ಕಾಫಿಗಿಡದ ಮಟ್ಟದಿಂದ ಮೇಲೇರಿಸುವುದು, ಹತ್ತು ಹೆಜ್ಜೆ ಪಕ್ಕಕ್ಕೆ ಸರಿಸುವುದು ದೊಡ್ಡ ಶಕ್ತಿಯ ಹಲಗೆ ಕೊಳ್ಳುವುದಕ್ಕಿಂತ ಫಲಕಾರಿ. ಗುಡುಗಿನ ಕಾಲದಲ್ಲಿ ಒಂಟಿಮರದ ತುದಿ ಮಾತ್ರ ಬೇಡ.

ಕೊನೆಗೆ ಒಂದು ಎಚ್ಚರಿಕೆ. ಮನೆಯಲ್ಲಿ ಕಟ್ಟಿದ ಮಳೆಮಾಪಕ ತೋಟದ ಲೆಕ್ಕಕ್ಕೆ ಬಲು ಉಪಯೋಗಿ. ಗುಡ್ಡ ಕುಸಿಯುವುದಿಲ್ಲವೆಂಬ ಭರವಸೆಯನ್ನು ಅದರಿಂದ ಪಡೆಯಕೂಡದು. ಸುದ್ದಿ ಬಾರದಿದ್ದರೆ ಮಳೆ ಇಲ್ಲವೆಂದು ಅರ್ಥವಲ್ಲ. ಸೆಲ್ಲು ಮುಗಿದಿರಬಹುದು, ಮರ ಬಿದ್ದಿರಬಹುದು, ಗುಡ್ಡವೇ ಜರುಗಿರಬಹುದು. ಆದುದರಿಂದ ಬಂಗಲೆಯ ಗ್ರಾಹಕವು ಒಂದು ಗಂಟೆ ಸುದ್ದಿ ಬಾರದಿದ್ದರೆ ತಾನೇ ಗಂಟೆ ಬಾರಿಸುವಂತೆ ಕಟ್ಟಬೇಕು. ಹಾಗಿದ್ದರೂ ಭಾರಿ ಮಳೆಯ ರಾತ್ರಿ ಅಧಿಕಾರಿಗಳು ಊರು ಬಿಡಿರೆಂದರೆ, ಮನೆಯ ಯಂತ್ರ ಏನೇ ಹೇಳಲಿ, ಲೈನುಮನೆಯವರನ್ನೂ ಮಕ್ಕಳುಮರಿಗಳನ್ನೂ ಕರೆದುಕೊಂಡು ಮೊದಲು ಹೊರಡಬೇಕು. ಯಂತ್ರದ ಲೆಕ್ಕವನ್ನು ಬೆಳಗಾದ ಮೇಲೆ ನೋಡಿಕೊಳ್ಳಬಹುದು.

ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ, ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ಆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋಗಿರೆಂದು ಕೇಳಿಕೊಂಡು ಈ ಭಾಷಣವನ್ನು ಮುಗಿಸುತ್ತೇವೆ.